ಜಾಂಬೋಟಿಯ ಹಳದಿ ಪಾತರಗಿತ್ತಿ ಬಾಗಲಕೋಟೆಗೆ ಯಾಕೆ ಬರುವುದಿಲ್ಲ?

ಪ್ರಶ್ನೆ: ಸರ್, ನಮ್ಮೂರು ಬಾಗಲಕೋಟೆ. ಮಳೆ ಕಡಿಮೆಯಾದ ಮೇಲೆ ಖಾನಾಪುರ ತಾಲ್ಲೂಕಿನ ಜಾಂಬೋಟಿಗೆ, ಅಕ್ಕನ ಮನೆಗೆ ಹೋಗಿದ್ದೆ. ಅಂಗೈಗಿಂತ ದೊಡ್ಡ ಕಪ್ಪು-ಹಳದಿ ಪಾತರಗಿತ್ತಿಯೊಂದು ಮರದ ತುದಿಯಲ್ಲಿ ತೇಲುತ್ತಿತ್ತು. ಮೊದಲು ಹಕ್ಕಿ ಅಂದುಕೊಂಡೆ. ಅದು ಯಾವುದು? ಭಾರತದಲ್ಲೇ ದೊಡ್ಡದಂತೆ, ಹೌದಾ? ನಮ್ಮ ಹಿತ್ತಲಿಗೆ ಅದನ್ನು ಕರೆಸಿಕೊಳ್ಳಬಹುದಾ?

ಉತ್ತರ: ಹಕ್ಕಿ ಅಂದುಕೊಂಡದ್ದು ತಪ್ಪೇನಲ್ಲ. ಇಂಗ್ಲಿಷಿನವರೂ ಹಾಗೇ ಅಂದುಕೊಂಡಿರಬೇಕು, ಅದಕ್ಕೇ ಸದರ್ನ್ ಬರ್ಡ್‌ವಿಂಗ್ ಅಂತ ಕರೆದರು. ನಮ್ಮ ರಾಜ್ಯದ ಚಿಟ್ಟೆಯೂ ಇದೇ. ಹಳದಿ ರೆಕ್ಕೆ, ಕತ್ತಿನ ಹತ್ತಿರ ಕೆಂಪು ಗುರುತು. ನಾಡಬಾವುಟದ ಎರಡೂ ಬಣ್ಣ ಬಂದವು ನೋಡಿ.

ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಅರಿಸಿನದಂಥ ಹಳದಿ. ಗಂಡಿನ ಹಳದಿಗೆ ಅಂಚಿನಲ್ಲಷ್ಟೇ ಕಪ್ಪು. ಹೆಣ್ಣಿಗೆ ಆ ಅಂಚಿನ ಒಳಗೆ ಇನ್ನೊಂದು ಸಾಲು ಕಪ್ಪು ಮಚ್ಚೆ, ಮೈಯೂ ದೊಡ್ಡದು. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್. ಬಹಳ ಕಾಲ ದೇಶದಲ್ಲೇ ದೊಡ್ಡದು ಅನ್ನುವ ಹೆಸರು ಇದಕ್ಕಿತ್ತು. 2020ರಲ್ಲಿ ಇದರದೇ ಬಳಗದ, ಉತ್ತರಾಖಂಡದ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 194 ಮಿಲಿಮೀಟರ್ ಇದೆ ಅಂತ ದಾಖಲಾಯಿತು. ನಾಲ್ಕೇ ಮಿಲಿಮೀಟರಿನಲ್ಲಿ ಪಟ್ಟ ಹೋಯಿತು.

ಇನ್ನು ಬಾಗಲಕೋಟೆಯ ಮಾತು. ಇದರ ಮನೆ ಪಶ್ಚಿಮ ಘಟ್ಟದ ಸಾಲು. ದಕ್ಷಿಣ ಮಹಾರಾಷ್ಟ್ರ, ಗೋವಾದಿಂದ ಹಿಡಿದು ಕೇರಳ, ತಮಿಳುನಾಡಿನವರೆಗೆ ಇದೆ. ಬೇರೆ ದೇಶದ ಕಾಡಿನಲ್ಲಿ ಇಲ್ಲ. ಖಾನಾಪುರ, ಭೀಮಗಡದ ಕಾಡು ಆ ಸಾಲಿನಲ್ಲೇ ಬರುತ್ತದೆ. ಅಲ್ಲಿಂದ ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತದೆ, ಕಾಡು ಮುಗಿದು ಎರೆಹೊಲ ಶುರುವಾಗುತ್ತದೆ. ರೆಕ್ಕೆಗೆ ಈ ದೂರ ದೊಡ್ಡದಲ್ಲ, ಆದರೆ ಚಿಟ್ಟೆಯಾಗುವ ಮುಂಚಿನ ಹುಳಕ್ಕೆ ಊಟ ಬೇಕಲ್ವಾ? ಅದು ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಕಾಡುಗಿಡಗಳ ಎಲೆ ಮಾತ್ರ. ಆ ಎಲೆಯ ವಿಷ ಹುಳದ ಮೈಯಲ್ಲೇ ಉಳಿದು ಚಿಟ್ಟೆಗೂ ಬರುತ್ತದೆ. ಅದಕ್ಕೇ ಹಕ್ಕಿಗಳ ಹೆದರಿಕೆಯಿಲ್ಲದೆ ಅಷ್ಟು ನಿಧಾನವಾಗಿ ತೇಲುವುದು.

ಹಾಗಾದರೆ ಒಂದು ಈಶ್ವರಿ ಬಳ್ಳಿ ನೆಟ್ಟರೆ ಸಾಕಾ? ಬರ್ಡ್‌ವಿಂಗ್ ಬರುವುದಿಲ್ಲ, ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. ಆದರೂ ನೆಡಿ. ಅದೇ ಬಳ್ಳಿಗೆ ಮೊಟ್ಟೆಯಿಡುವ ಕ್ರಿಮ್ಸನ್ ರೋಸ್ ಅನ್ನುವ ಇನ್ನೊಂದು ಚಿಟ್ಟೆ ಒಣ ಬಯಲಿನಲ್ಲೂ ಬದುಕುತ್ತದೆ. ಕಪ್ಪು ರೆಕ್ಕೆ, ಕೆಂಪು ಮೈ, ಹಿಂದೆ ಬಾಲ. ಬಂದರೆ ಹುಳಗಳು ಎಲೆ ಪೂರ್ತಿ ಬೋಳು ಮಾಡುತ್ತವೆ. ಆಗ ಔಷಧ ಹೊಡೆಯಬೇಡಿ, ಬಳ್ಳಿ ಮತ್ತೆ ಚಿಗುರುತ್ತದೆ.