ನೀಲಿ ಫ್ರಾಕಿನ ಹುಡುಗಿಯನ್ನು ನೋಡಿದ್ದು ಯಾರು?

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುತ್ತಿಲ್ಲ. ಬೇರೆ ಓದುಗರಿಗಾಗಿ ನಿಮ್ಮ ಪತ್ರದ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮ ಅಜ್ಜ ತೀರಿಕೊಂಡಾಗ ನಿಮಗೆ 7 ವರ್ಷ. ‘ನೀಲಿ ಫ್ರಾಕ್ ಹಾಕಿಕೊಂಡು, ಬಾಗಿಲಿಗೆ ಆತುಕೊಂಡು ನಾನು ನಿಂತಿರುವುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ’ ಎಂದು ಬರೆದಿದ್ದೀರಿ. ಆದರೆ ನಿಮ್ಮ ಅಕ್ಕ ಹೇಳುವುದೇ ಬೇರೆ. ಅವತ್ತು ನೀವು ಮನೆಯಲ್ಲೇ ಇರಲಿಲ್ಲ, ಬೆಳಗ್ಗೆಯೇ ನಿಮ್ಮನ್ನು ಪಕ್ಕದ ಮನೆಗೆ ಕಳಿಸಿದ್ದರು ಅಂತ. ಈ ಮಾತಿಗೆ ಇಬ್ಬರೂ ಜಗಳ ಆಡಿದ್ದೀರಿ, ಎರಡು ತಿಂಗಳಿಂದ ಸರಿಯಾಗಿ ಮಾತೂ ಇಲ್ಲ. ಯಾರ ನೆನಪು ಸರಿ, ನೆನಪು ಮಿದುಳಿನಲ್ಲಿ ಎಲ್ಲಿ ಕೂತಿರುತ್ತದೆ ಎಂದು ಕೇಳಿದ್ದೀರಿ. ಜೊತೆಗೆ ಇನ್ನೆರಡು ಪ್ರಶ್ನೆ: 52ರ ವಯಸ್ಸಿಗೇ ಹೆಸರುಗಳು ಮರೆಯುತ್ತಿವೆ, ಇದು ಕಾಯಿಲೆಯಾ? ಮಗಳು ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುವುದಿಲ್ಲ, ಏನು ಮಾಡುವುದು?

ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಒಂದು ಸಾಲಿನ ಕೆಳಗೆ ಗೆರೆ ಎಳೆದೆ. ಯಾವ ಸಾಲು ಅಂತ ಆಮೇಲೆ ಹೇಳುತ್ತೇನೆ. ಮೊದಲು ‘ಎಲ್ಲಿ’ ಎನ್ನುವ ಪ್ರಶ್ನೆ.

ಇದಕ್ಕೆ ಉತ್ತರ ಸಿಕ್ಕಿದ್ದು ಒಬ್ಬ ಮನುಷ್ಯನ ಬದುಕು ಹಾಳಾದ ಮೇಲೆ. ಅಮೆರಿಕದ ಹೆನ್ರಿ ಮೊಲೇಸನ್ ಎಂಬ ಯುವಕನಿಗೆ ವಿಪರೀತ ಫಿಟ್ಸ್ ಬರುತ್ತಿತ್ತು. ಯಾವ ಔಷಧಿಗೂ ಬಗ್ಗಲಿಲ್ಲ. 1953ರಲ್ಲಿ, ಅವನಿಗೆ 27 ವರ್ಷ ಇದ್ದಾಗ, ವಿಲಿಯಂ ಸ್ಕೊವಿಲ್ ಎಂಬ ಸರ್ಜನ್ ಅವನ ಮಿದುಳಿನ ಎರಡೂ ಕಡೆಯಿಂದ ಒಳಭಾಗದ ಒಂದಿಷ್ಟನ್ನು ತೆಗೆದುಬಿಟ್ಟರು. ಅದರಲ್ಲಿ ಹಿಪೊಕ್ಯಾಂಪಸ್ಸಿನ ದೊಡ್ಡ ಭಾಗವೂ ಹೋಯಿತು. ಕಿವಿಯ ನೇರಕ್ಕೆ ಒಳಗಡೆ, ಪಕ್ಕಕ್ಕೊಂದರಂತೆ ಇರುವ ಸಣ್ಣ ಭಾಗ ಅದು. ನೋಡಲು ಕಡಲಕುದುರೆಯ ಹಾಗಿದೆ, ಅದಕ್ಕೇ ಗ್ರೀಕ್ ಭಾಷೆಯ ಆ ಹೆಸರು.

ಫಿಟ್ಸ್ ಕಡಿಮೆ ಆಯಿತು. ಆದರೆ ಅಂದಿನಿಂದ ಅವನಿಗೆ ಹೊಸದೇನೂ ನೆನಪಿನಲ್ಲಿ ಉಳಿಯಲಿಲ್ಲ. ಅಪ್ಪ ಅಮ್ಮ ಗೊತ್ತು, ಮಾತು ಗೊತ್ತು, ಬಾಲ್ಯ ಗೊತ್ತು. ಐದು ನಿಮಿಷದ ಹಿಂದೆ ಬಂದು ಹೋದವರು ಗೊತ್ತಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ವರ್ಷಗಟ್ಟಲೆ ಅವನನ್ನು ಭೇಟಿಯಾದರು. ಪ್ರತಿ ಸಲವೂ ಅವನಿಗೆ ಅವರು ಹೊಸಬರೇ. ಒಮ್ಮೆ 584 ಎಂಬ ಸಂಖ್ಯೆ ನೆನಪಿಟ್ಟುಕೋ ಎಂದು ಹೇಳಿ ಹೊರಗೆ ಹೋದರು. ಕಾಲು ಗಂಟೆ ಬಿಟ್ಟು ಬಂದು ಕೇಳಿದರೆ ಸರಿಯಾಗಿಯೇ ಹೇಳಿದ! ಹೇಗೆ ಅಂದರೆ, ‘5, 8, 4 ಕೂಡಿದರೆ 17. 8 ಕಳೆದರೆ 9. ಅದನ್ನು ಎರಡು ಭಾಗ ಮಾಡಿದರೆ 5 ಮತ್ತು 4’ ಅಂತ ಅಷ್ಟೂ ಹೊತ್ತು ಮನಸ್ಸಿನಲ್ಲೇ ಉರು ಹೊಡೆಯುತ್ತಾ ಕೂತಿದ್ದ. ಆಮೇಲೆ ಒಂದು ನಿಮಿಷ ಬೇರೆ ಮಾತಿಗೆ ಎಳೆದರು. ಸಂಖ್ಯೆಯೂ ಹೋಯಿತು, ಆ ಕೂಡುವ ಕಳೆಯುವ ಲೆಕ್ಕವೂ ಹೋಯಿತು. ಓದುವಾಗಲೆಲ್ಲ ಇಲ್ಲಿ ನನಗೆ ಗಂಟಲು ಕಟ್ಟುತ್ತದೆ. ಆ ಮನುಷ್ಯ 2008ರಲ್ಲಿ, 82ನೇ ವಯಸ್ಸಿನಲ್ಲಿ ತೀರಿಕೊಂಡ. ಐವತ್ತೈದು ವರ್ಷ ಹೀಗೇ ಬದುಕಿದ.

ಮಿಲ್ನರ್ ಇನ್ನೊಂದು ಪರೀಕ್ಷೆ ಮಾಡಿದರು. ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಚಿತ್ರದ ಮೇಲೆ ಗೆರೆ ಎಳೆಯಬೇಕು. ನೀವೇ ಮಾಡಿ ನೋಡಿ, ಕೈ ಎಲ್ಲೆಲ್ಲೋ ಹೋಗುತ್ತದೆ. ಮೂರು ದಿನದಲ್ಲಿ ಹೆನ್ರಿಯ ಕೈ ಪಳಗಿತು, ಗೆರೆ ನೀಟಾಗಿ ಬರತೊಡಗಿತು. ಆದರೆ ಮೂರನೇ ದಿನವೂ ಅವನ ಪಾಲಿಗೆ ಅದು ಜೀವನದಲ್ಲಿ ಮೊದಲ ಸಲ ಮಾಡುತ್ತಿರುವ ಕೆಲಸ. ಕೈಗೆ ನೆನಪಿದೆ, ಅವನಿಗಿಲ್ಲ!

ಇದರಿಂದ ಎರಡು ಸಂಗತಿ ಗೊತ್ತಾದವು. ನೆನಪು ಅಂದರೆ ಒಂದೇ ವಸ್ತುವಲ್ಲ. ಸೈಕಲ್ ಹೊಡೆಯುವ ನೆನಪಿಗೆ ಒಂದು ದಾರಿ, ಸೈಕಲ್ ಕಲಿತ ದಿನದ ನೆನಪಿಗೆ ಇನ್ನೊಂದು ದಾರಿ. ಎರಡನೆಯದಾಗಿ, ಘಟನೆಗಳ ಹೊಸ ನೆನಪು ಕಟ್ಟಲು ಹಿಪೊಕ್ಯಾಂಪಸ್ ಬೇಕೇ ಬೇಕು. ಆದರೆ ನೆನಪೆಲ್ಲ ಅಲ್ಲೇ ಕೂತಿರುವುದಿಲ್ಲ. ಹಾಗಿದ್ದಿದ್ದರೆ ಹೆನ್ರಿಯ ಬಾಲ್ಯವೂ ಅದರ ಜೊತೆ ಹೋಗಬೇಕಿತ್ತಲ್ವಾ?

ನೋಡಿದ್ದು ನೋಟದ ಭಾಗದಲ್ಲಿ, ಕೇಳಿದ್ದು ಶಬ್ದದ ಭಾಗದಲ್ಲಿ, ಆಗ ಆದ ಭಯ ಅಮಿಗ್ಡಲ ಎಂಬ ಭಾವನೆಗಳ ಭಾಗದ ನಂಟಿನಲ್ಲಿ, ಹೀಗೆ ಒಂದೇ ಘಟನೆ ಮಿದುಳಿನ ತುಂಬ ಚೂರುಚೂರಾಗಿ ಹರಡಿಕೊಂಡಿರುತ್ತದೆ. ‘ಇವೆಲ್ಲ ಒಂದೇ ದಿನದ್ದು’ ಎಂದು ಆ ಚೂರುಗಳನ್ನು ಪೋಣಿಸುವ ದಾರ ಹಿಪೊಕ್ಯಾಂಪಸ್.

ಆ ಚೂರು ಅಂದರೆ ಏನು? ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ನೂರಾರು, ಸಾವಿರಾರು ನರಕೋಶಗಳ ಜೊತೆ ಮಾತಾಡುತ್ತದೆ. ಆ ಕೂಡುವ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ನೆನಪು ಉಳಿಯುವುದು ಈ ಕೂಡುಗಳು ಗಟ್ಟಿಯಾಗುವುದರಲ್ಲಿ, ಸಡಿಲವಾಗುವುದರಲ್ಲಿ. ಇದನ್ನು ಎರಿಕ್ ಕ್ಯಾಂಡಲ್ ಎಂಬ ವಿಜ್ಞಾನಿ ಕಂಡುಕೊಂಡದ್ದು ಅಪ್ಲಿಸಿಯ ಎಂಬ, ಬಸವನಹುಳುವಿನ ಬಳಗದ ದೊಡ್ಡ ಕಡಲ ಹುಳುವಿನಲ್ಲಿ. ಅದಕ್ಕಿರುವುದು 20,000ದಷ್ಟು ನರಕೋಶ ಮಾತ್ರ, ಅವುಗಳಲ್ಲಿ ಕೆಲವು ಬರಿಗಣ್ಣಿಗೇ ಕಾಣುವಷ್ಟು ದಪ್ಪ. ಅದರ ಬಾಲಕ್ಕೆ ಒಂದು ಸಲ ಶಾಕ್ ಕೊಟ್ಟರೆ ಕೆಲವು ನಿಮಿಷ ಹೆದರಿಕೊಂಡಿರುತ್ತದೆ, ಸುಮ್ನೆ ಮುಟ್ಟಿದರೂ ಕಿವಿರನ್ನು ಒಳಗೆ ಎಳೆದುಕೊಳ್ಳುತ್ತದೆ. ಬಿಡುವು ಕೊಟ್ಟು ಕೊಟ್ಟು ನಾಲ್ಕೈದು ಸಲ ಶಾಕ್ ಕೊಟ್ಟರೆ ದಿನಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಮೊದಲನೆಯದರಲ್ಲಿ ಇದ್ದ ಕೂಡುಗಳೇ ಸ್ವಲ್ಪ ಹೊತ್ತು ಚುರುಕಾಗುತ್ತವೆ, ಅಷ್ಟೇ. ಎರಡನೆಯದರಲ್ಲಿ ಜೀನ್‌ಗಳು ಕೆಲಸಕ್ಕಿಳಿಯುತ್ತವೆ, ಹೊಸ ಪ್ರೋಟೀನ್ ತಯಾರಾಗುತ್ತದೆ, ಹೊಸ ಕೂಡುಗಳೇ ಚಿಗುರುತ್ತವೆ. ಮುಟ್ಟಿದ್ದನ್ನು ಗ್ರಹಿಸುವ ಒಂದು ನರಕೋಶದಲ್ಲಿ ಅಂಥ ಕೂಡುಗಳ ತುದಿ ಸುಮಾರು 1,300 ಇದ್ದದ್ದು 2,700ರಷ್ಟಾಯಿತು. ಕ್ಯಾಂಡಲ್‌ಗೆ 2000ದಲ್ಲಿ ನೊಬೆಲ್ ಬಂತು. ಈ ಪುಟ ಓದಿ ಒಂದು ವಾರ ಬಿಟ್ಟು ಹೆನ್ರಿಯ ಕಥೆ ನಿಮಗೆ ನೆನಪಿದ್ದರೆ, ನಿಮ್ಮ ತಲೆಯೊಳಗೂ ಹೀಗೇ ಏನೋ ಬದಲಾಗಿದೆ ಅಂತ ಅರ್ಥ. ಎಷ್ಟು ಸಲ ಯೋಚಿಸಿದರೂ ನನಗಿದು ಬೆರಗು.

ಈಗ ಗೆರೆ ಎಳೆದ ಸಾಲಿಗೆ ಬರುತ್ತೇನೆ. ‘ನೀಲಿ ಫ್ರಾಕ್ ಹಾಕಿಕೊಂಡು, ಬಾಗಿಲಿಗೆ ಆತುಕೊಂಡು ನಾನು ನಿಂತಿರುವುದು’ ನಿಮ್ಮ ಕಣ್ಣಿಗೆ ಕಟ್ಟಿದೆ. ಬಾಗಿಲಲ್ಲಿ ನಿಂತ ಮಗುವಿಗೆ ಕಾಣಬೇಕಾದದ್ದು ಏನು? ಕೋಣೆ, ಮಂಚ, ಅಜ್ಜ, ದೊಡ್ಡವರ ಬೆನ್ನು. ಬಾಗಿಲಿಗೆ ಆತುಕೊಂಡ ಮಗುವೇ ಇಡಿಯಾಗಿ ಕಾಣಬೇಕಾದರೆ ಎದುರಿನಿಂದ ಯಾರೋ ನೋಡಿರಬೇಕು. ನಿಮ್ಮ ಕಣ್ಣು ಆ ಚಿತ್ರವನ್ನು ನೋಡಿರಲು ಸಾಧ್ಯವೇ ಇಲ್ಲ.

ಬೇಜಾರು ಮಾಡಿಕೊಳ್ಳಬೇಡಿ. ನನ್ನದೂ ಇದೇ ಕಥೆ. ಸೈಕಲ್ ಕಲಿತ ದಿನ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಸೀಟು ಹಿಡಿದುಕೊಂಡು ಹಿಂದೆ ಓಡಿ ಬರುತ್ತಿದ್ದಾರೆ, ಅವರ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿದೆ. ಆದರೆ ನಾನು ಮುಂದೆ ನೋಡುತ್ತಾ ಹ್ಯಾಂಡಲ್ ಹಿಡಿದು ನಡುಗುತ್ತಿದ್ದೆ. ಹಿಂದಿದ್ದ ಅಪ್ಪನ ಬೆನ್ನು ನನಗೆ ಹೇಗೆ ಕಂಡಿತು? ಇದು ಹೊಳೆದಾಗ ಕಾಲಡಿಯ ನೆಲ ಸರಿದ ಹಾಗಾಯಿತು. 1983ರಲ್ಲಿ ಜಾರ್ಜಿಯಾ ನಿಗ್ರೊ ಮತ್ತು ಉಲ್ರಿಕ್ ನೈಸರ್ ಇದನ್ನೇ ಅಧ್ಯಯನ ಮಾಡಿದರು. ಎಷ್ಟೋ ನೆನಪುಗಳಲ್ಲಿ ಜನ ತಮ್ಮನ್ನು ತಾವೇ ಹೊರಗಿನಿಂದ ನೋಡುತ್ತಾರೆ, ನೆನಪು ಹಳೆಯದಾದಷ್ಟೂ ಇದು ಜಾಸ್ತಿ ಎಂದು ಕಂಡುಬಂತು.

ಯಾಕೆ ಹೀಗೆ? ನೆನಪು ಮಾಡಿಕೊಳ್ಳುವುದೆಂದರೆ ಇಟ್ಟದ್ದನ್ನು ಇಟ್ಟ ಹಾಗೇ ತೆಗೆಯುವುದಲ್ಲ. ಆ ಚೂರುಗಳನ್ನು ಕೂಡಿಸಿ ಪ್ರತಿ ಸಲವೂ ಮತ್ತೆ ಕಟ್ಟುವುದು. ಚೂರು ಕಡಿಮೆ ಬಿದ್ದರೆ ಮಿದುಳು ಕೈಗೆ ಸಿಕ್ಕ ಇನ್ನೊಂದನ್ನು ತಂದು ಕೂರಿಸುತ್ತದೆ. ಫೋಟೊದಲ್ಲಿ ನೋಡಿದ ಫ್ರಾಕ್, ಅಮ್ಮ ಹೇಳಿದ ಮಾತು, ಬೇರೆ ಯಾವತ್ತೋ ನಿಂತ ಬಾಗಿಲು. ಹೊಲಿಗೆ ಎಲ್ಲೂ ಕಾಣುವುದಿಲ್ಲ.

ಎಷ್ಟು ಸಣ್ಣ ಚೂರು ಸಾಕು ಅನ್ನುವುದನ್ನು ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ತೋರಿಸಿದರು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಸಣ್ಣ ಸಿನಿಮಾ ತೋರಿಸಿದರು. 50 ಜನರಿಗೆ ‘ಕಾರುಗಳು ಡಿಕ್ಕಿ ಹೊಡೆದಾಗ ಎಷ್ಟು ವೇಗವಿತ್ತು?’ ಎಂಬ ಪ್ರಶ್ನೆ. ಇನ್ನು 50 ಜನರಿಗೆ ‘ಅಪ್ಪಳಿಸಿದಾಗ’ ಎಂಬ ಜೋರಿನ ಪದ ಹಾಕಿ ಅದೇ ಪ್ರಶ್ನೆ. ವಾರ ಬಿಟ್ಟು, ‘ಒಡೆದ ಗಾಜು ನೋಡಿದಿರಾ?’ ಎಂದು ಕೇಳಿದರು. ಮೊದಲ ಗುಂಪಿನ 7 ಜನ, ಎರಡನೆಯ ಗುಂಪಿನ 16 ಜನ ‘ಹೌದು’ ಅಂದರು. ಸಿನಿಮಾದಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದು ಪದ ಸಾಕಾಯಿತು. ಹಾಗಿದ್ದ ಮೇಲೆ ಇಷ್ಟು ವರ್ಷಗಳ ಮನೆಮಾತು ಎಷ್ಟು ಗಾಜು ಒಡೆದಿರಬೇಡ?

‘ಇದು ಸಾವಿನ ದಿನ, ಅಂಥದ್ದನ್ನು ಯಾರಾದರೂ ತಪ್ಪಾಗಿ ನೆನಪಿಟ್ಟುಕೊಳ್ಳುತ್ತಾರಾ?’ ಎಂದು ನೀವು ಕೇಳಬಹುದು. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿಯಿತು. ಮರುದಿನವೇ ನೈಸರ್ ಮತ್ತು ನಿಕೋಲ್ ಹಾರ್ಶ್ ತಮ್ಮ ವಿದ್ಯಾರ್ಥಿಗಳಿಂದ ‘ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು’ ಎಂದು ಬರೆಸಿಟ್ಟುಕೊಂಡರು. ಎರಡೂವರೆ ವರ್ಷದ ಮೇಲೆ 44 ಜನರನ್ನು ಮತ್ತೆ ಕೇಳಿದರು. 11 ಜನರದ್ದು ಮುಖ್ಯ ವಿವರಗಳೆಲ್ಲ ತಪ್ಪು. ಪೂರ್ತಿ ಸರಿ ಇದ್ದವರು ಮೂವರು. ಆದರೆ ತಪ್ಪು ಹೇಳಿದವರಲ್ಲೂ ಎಷ್ಟೋ ಜನಕ್ಕೆ ತಮ್ಮ ನೆನಪಿನ ಮೇಲೆ ಗಟ್ಟಿ ನಂಬಿಕೆ. ಅವರದೇ ಕೈಬರಹ ಮುಂದಿಟ್ಟರೂ ಹಳೆಯ ನೆನಪು ಮರಳಲಿಲ್ಲ. ಗಾಬರಿ, ದುಃಖ ನೆನಪಿನ ನಡುಭಾಗವನ್ನು ಗಟ್ಟಿ ಮಾಡುತ್ತವೆ, ನಿಜ. ಅಮಿಗ್ಡಲದ ಕೆಲಸ ಅದು. ಆದರೆ ಅದರ ಅಂಚನ್ನೆಲ್ಲ ಅವು ಕಾಯುವುದಿಲ್ಲ.

ಇನ್ನೂ ಒಂದಿದೆ. 2000ದಲ್ಲಿ ಕರೀಮ್ ನಾದರ್ ಮತ್ತು ಜೊತೆಗಾರರು ಇಲಿಗಳಿಗೆ ಒಂದು ಶಬ್ದ ಕೇಳಿದರೆ ಶಾಕ್ ಬರುತ್ತದೆ ಎಂದು ಕಲಿಸಿದರು. ಆಮೇಲೆ ಶಬ್ದ ಕೇಳಿಸಿ ಆ ನೆನಪನ್ನು ಎಬ್ಬಿಸಿ, ಆಗಲೇ ಅಮಿಗ್ಡಲಕ್ಕೆ ಪ್ರೋಟೀನ್ ತಯಾರಿ ತಡೆಯುವ ಔಷಧಿ ಕೊಟ್ಟರು. ಮರುದಿನ ಹೆದರಿಕೆ ಬಹಳ ಇಳಿದಿತ್ತು. ನೆನಪು ಎಬ್ಬಿಸದೆ ಔಷಧಿ ಕೊಟ್ಟ ಇಲಿಗಳಲ್ಲಿ ಏನೂ ಆಗಲಿಲ್ಲ. ಅಂದರೆ ಎದ್ದ ನೆನಪು ಸ್ವಲ್ಪ ಹೊತ್ತು ಹಸಿ ಮಣ್ಣಿನ ಹಾಗೆ ಇರುತ್ತದೆ, ಮತ್ತೆ ಒಣಗಬೇಕು. ಮನುಷ್ಯರಲ್ಲಿ ಎಲ್ಲ ನೆನಪಿಗೂ ಹೀಗೇ ಆಗುತ್ತದೆ ಎನ್ನಲಾಗದು. ಆದರೂ ಜಗಳದ ನಡುವೆ ಪದೇ ಪದೇ ಎಬ್ಬಿಸಿದ ನೆನಪಿಗೆ ಜಗಳದ ಮಣ್ಣೂ ಅಂಟುತ್ತದೆ ಎಂದೇ ನಾನು ನಂಬಿದ್ದೇನೆ.

ನಿಮ್ಮ ಅಕ್ಕನ ನೆನಪೂ ಇದೇ ಸಾಮಾನಿನಿಂದ ಕಟ್ಟಿದ್ದು. ಅವರೇ ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇದನ್ನಂತೂ ಖಂಡಿತ ಹೇಳಬಲ್ಲೆ.

ಹೆಸರು ಮರೆಯುವುದಕ್ಕೆ ಹೆದರಬೇಡಿ. ಹೆಸರಿಗೆ ಜೋತುಬೀಳಲು ಕೊಂಬೆಗಳೇ ಇಲ್ಲ. ಒಂದು ಪ್ರಯೋಗದಲ್ಲಿ ಒಂದೇ ಮುಖ ತೋರಿಸಿ ‘ಇವರ ಹೆಸರು ಬೇಕರ್’ ಎಂದಾಗ ಜನ ಮರೆತರು, ‘ಇವರು ಬ್ರೆಡ್ ಮಾಡುವ ಬೇಕರ್’ ಎಂದಾಗ ನೆನಪಿಟ್ಟುಕೊಂಡರು. ಕಸುಬು ಅಂದ ಕೂಡಲೇ ಒಲೆ, ಹಿಟ್ಟು, ವಾಸನೆ ಎಲ್ಲ ಬಂದು ಅಂಟಿಕೊಳ್ಳುತ್ತವೆ. ನಾಲಿಗೆ ತುದಿಯಲ್ಲಿದ್ದ ಹೆಸರು ಆಮೇಲೆ ಹೊಳೆಯುತ್ತಿದ್ದರೆ ಅದು ವಯಸ್ಸಿನ ಸಹಜ ನಿಧಾನ. ಕೇಳಿದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳುವುದು, ಓಡಾಡಿದ ದಾರಿಯೇ ತಪ್ಪುವುದು, ದಿನವೂ ಮಾಡುವ ಕೆಲಸದ ಕ್ರಮ ಮರೆಯುವುದು, ಇಂಥದ್ದೇನಾದರೂ ಇದ್ದರೆ ತಡ ಮಾಡದೆ ಡಾಕ್ಟರನ್ನು ನೋಡಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ನಿದ್ದೆಗೇಡು, ಖಿನ್ನತೆ ಕೂಡ ಮರೆವು ತರುತ್ತವೆ, ಇವಕ್ಕೆ ಚಿಕಿತ್ಸೆ ಇದೆ.

ಮಗಳಿಗೆ ಪುಸ್ತಕ ಮುಚ್ಚಲು ಹೇಳಿ. ನಿಜವಾಗಿಯೂ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಒಂದು ಗುಂಪಿಗೆ ಪಾಠವನ್ನು ನಾಲ್ಕು ಸರದಿ ಓದಿಸಿದರು. ಇನ್ನೊಂದು ಗುಂಪಿಗೆ ಒಂದು ಸರದಿ ಓದಿಸಿ, ಮೂರು ಸಲ ನೋಡದೆ ಬರೆಸಿದರು. ಐದು ನಿಮಿಷದ ನಂತರ ಓದಿದವರೇ ಮುಂದು: ಶೇ. 83, ಬರೆದವರು ಶೇ. 71. ವಾರ ಕಳೆದ ಮೇಲೆ ಓದಿದವರಿಗೆ ಉಳಿದದ್ದು ಶೇ. 40, ಬರೆದವರಿಗೆ ಶೇ. 61. ತಿಣುಕಿ ತಿಣುಕಿ ನೆನಪಿಸಿಕೊಂಡದ್ದೇ ನಿಲ್ಲುತ್ತದೆ. ಆ ಕಡಲ ಹುಳುವಿನ ಹಾಗೆ, ಬಿಡುವು ಕೊಟ್ಟು ಕೊಟ್ಟು ಮಾಡಲಿ. ರಾತ್ರಿ ನಿದ್ದೆ ಕೆಡಿಸಿ ಮಾತ್ರ ಬೇಡ. ಹಗಲು ಕಲಿತದ್ದನ್ನು ಹಿಪೊಕ್ಯಾಂಪಸ್ ಮತ್ತೆ ಮತ್ತೆ ಓಡಿಸಿ ನೋಡಿಕೊಳ್ಳುವ ಹೊತ್ತು ಅದು.

ಅಜ್ಜನ ದಿನದ ಬಗ್ಗೆ ಒಂದು ಕೆಲಸ ಮಾಡಿ. ನೀವೂ ಅಕ್ಕನೂ ಒಬ್ಬರನ್ನೊಬ್ಬರು ಕೇಳದೆ, ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ಪ್ರತಿ ಸಾಲಿನ ಪಕ್ಕ ‘ಕಂಡದ್ದು’, ‘ಯಾರೋ ಹೇಳಿದ್ದು’, ‘ಗೊತ್ತಿಲ್ಲ’ ಎಂದು ಗುರುತು ಹಾಕಿ. ಆಮೇಲೆ ಎದುರುಬದುರು ಕೂತು ಓದಿ. ಪಕ್ಕದ ಮನೆಯವರು ಯಾರಾದರೂ ಇದ್ದರೆ ಅವರನ್ನೂ ಕೇಳಿ. ಮತ್ತೆ, ಆ ನೀಲಿ ಫ್ರಾಕ್ ಹಾಕಿದ ಹಳೆಯ ಫೋಟೊ ಮನೆಯಲ್ಲಿ ಎಲ್ಲಾದರೂ ಇದೆಯಾ? ಸಿಕ್ಕರೆ ಇಬ್ಬರೂ ಕೂತು ನೋಡಿ, ಹಿಂದೆ ತಾರೀಕು ಇದೆಯಾ ಅಂತಲೂ ತಿರುಗಿಸಿ ನೋಡಿ. ಏನು ಸಿಕ್ಕಿತು ಎಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ