ಪಾರ್ಸೆಲ್‌ನಲ್ಲಿ ಬಂದ ಫೈಕಸ್ ಎಲೆ ಉದುರಿಸುತ್ತಿದೆ, ಏನು ಮಾಡಲಿ?

ಬೆಂಗಳೂರಿನಿಂದ ತರಿಸಿದ ಬೆಂಜಮಿನಾ ಫೈಕಸ್ ಎಂಬ ಅಲಂಕಾರದ ಗಿಡ ಠಾಣೆಯ ನಿಮ್ಮ ಮನೆಗೆ ಬಂದಾಗಿನಿಂದ ಎಲೆ ಉದುರಿಸುತ್ತಿದೆ, ದೊಡ್ಡ ಕುಂಡಕ್ಕೆ ಹಾಕಿ ಗೊಬ್ಬರ ಕೊಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಎರಡನ್ನೂ ಮಾಡಬೇಡಿ.

ಮೊದಲು ಜೀವವಿದೆಯೇ ನೋಡಿ. ಒಂದು ಕಡ್ಡಿಯ ತೊಗಟೆಯನ್ನು ಉಗುರಿನಿಂದ ತುಸುವೇ ಕೆರೆಯಿರಿ. ಒಳಗೆ ಹಸಿರು ಕಂಡು ಬಿಳಿ ಹಾಲು ಜಿನುಗಿದರೆ ಗಿಡ ಬದುಕಿದೆ. ಇದು ನಮ್ಮ ಆಲ, ಅರಳಿ, ಅತ್ತಿಯ ಕುಲದ್ದೇ. ಮುಂಬಯಿಯ ಹಳೇ ಕಟ್ಟಡಗಳಲ್ಲಿ ಪೈಪಿನ ಸಂದಿಯಿಂದ ಅರಳಿ ಚಿಗುರಿ ನಿಂತಿರುವುದನ್ನು ನೀವೂ ಕಂಡಿರುತ್ತೀರಿ, ಅಷ್ಟು ಗಟ್ಟಿ ಕುಲ. ಆದರೆ ಜಾಗ ಬದಲಾದರೆ ಎಲೆ ಉದುರಿಸುವುದು ಬೆಂಜಮಿನಾದ ಸ್ವಭಾವ. ಅದರ ಮೇಲೆ ದಾರಿಯುದ್ದಕ್ಕೂ ಕತ್ತಲು. ಸಾಲದ್ದಕ್ಕೆ, ಗಿಡವೇ ಬಿಡುವ ಎಥಿಲೀನ್ ಅನಿಲ ಮುಚ್ಚಿದ ಪೆಟ್ಟಿಗೆಯಲ್ಲಿ ತುಂಬಿಕೊಂಡರೆ ತೊಟ್ಟು ಬೇಗ ಕಳಚುತ್ತದೆ.

ಪೆಟ್ಟಾದ ಬೇರಿಗೆ ಗೊಬ್ಬರದ ಲವಣ ಸೇರಿದರೆ ಬೇರು ನೀರು ಹೀರಲಾರದೆ ಸುಟ್ಟಂತಾಗುತ್ತದೆ. ಕುಂಡ ಬದಲಾಯಿಸಲು ಹೋದರೆ ಉಳಿದಿರುವ ಎಳೆ ಬೇರುಗಳೂ ಹರಿಯುತ್ತವೆ.

ನನಗೆ ಹೆಚ್ಚು ಭಯವಿರುವುದು ನೀರಿನ ಬಗ್ಗೆ. ಬಾಡಿದ್ದು ಕಂಡ ಕೂಡಲೇ ಚೊಂಬು ಹಿಡಿದು ಹೋಗುತ್ತೇವೆ. ಎಲೆ ಕಡಿಮೆಯಾದ ಗಿಡ ಕುಡಿಯುವ ನೀರೂ ಕಡಿಮೆ. ಅದರಲ್ಲೂ ಮಳೆಗಾಲದಲ್ಲಿ ನಮ್ಮಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಕುಂಡ ಎಲ್ಲಿಂದ ಒಣಗಬೇಕು? ನರ್ಸರಿಯವರು ಹಾಕುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ತಿಳಿ ಕಂದಾಗಿ ಒಣಗಿದಂತೆ ಕಂಡರೂ ಒಳಗೆ ಒದ್ದೆಯಿರುತ್ತದೆ. ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿ ನೋಡಿ. ಬೆರಳಿಗೆ ತಂಪು ಹತ್ತಿ ಪುಡಿ ಅಂಟಿದರೆ ಅಂದು ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ತೇವ ಉಳಿಯಲೆಂದು ಗಿಡಕ್ಕೆ ಪ್ಲಾಸ್ಟಿಕ್ ಚೀಲ ಮುಚ್ಚುವ ಉಪಾಯ ಒಣಹವೆಯ ಊರಿಗೆ ಸರಿ, ಇಲ್ಲಿ ಬೂಷ್ಟು ಹಿಡಿಯುತ್ತದೆ.

ಪೂರ್ವದ ಕಿಟಕಿ ಇದ್ದರೆ ಅದರ ಹತ್ತಿರ, ಏಸಿಯ ಗಾಳಿ ತಾಗದ ಕಡೆ ಇಟ್ಟು ಅಲ್ಲೇ ಬಿಡಿ. ದಿನಕ್ಕೊಂದು ಕಡೆ ಸರಿಸಿದರೆ ಮತ್ತೆ ಉದುರುತ್ತದೆ. ಕತ್ತಲಿನಿಂದ ಬಂದ ಎಲೆಗೆ ಮಧ್ಯಾಹ್ನದ ನೇರ ಬಿಸಿಲಂತೂ ಬೇಡವೇ ಬೇಡ. ಎಲೆಯಡಿ, ತೊಟ್ಟಿನ ಬುಡದಲ್ಲಿ ಹತ್ತಿಯಂತೆ ಬೆಳ್ಳಗೆ ಅಂಟಿದ್ದರೆ ಅದು ಹಿಟ್ಟು ತಿಗಣೆ. ಒದ್ದೆ ಬಟ್ಟೆಯಿಂದ ಒರೆಸಿ, ಬೇರೆ ಗಿಡಗಳಿಂದ ದೂರ ಇಡಿ.

ಹಳದಿಯಾದ ಎಲೆ ಮತ್ತೆ ಹಸಿರಾಗದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಡ್ಡಿಯ ತುದಿಯಲ್ಲಿ ಸೂಜಿಯಂಥ ಹೊಸ ಮೊಗ್ಗು ಬಿಚ್ಚಿ ಒಂದೆರಡು ಎಲೆ ಬಲಿತ ಮೇಲೆ, ಡಬ್ಬಿಯ ಮೇಲೆ ಹೇಳಿದ್ದರ ಅರ್ಧ ಪ್ರಮಾಣದಲ್ಲಿ ಗೊಬ್ಬರ ಶುರು ಮಾಡಿ. ಕುಂಡದ ಮಾತು ಅದರ ನಂತರ.