ಕರುಳಿನ ಉರಿಯೂತದ ಜೀನ್‌ಗಳು: ಪಿಎಚ್.ಡಿ.ಗೆ ಇನ್ನೂ ಕೆಲಸ ಉಳಿದಿದೆಯಾ?

ಪ್ರಶ್ನೆ: ಮೇಡಂ, ನಾನು ಬಯೋಟೆಕ್ನಾಲಜಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ನನ್ನ ಅಣ್ಣನಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆ. ಹಾಗಾಗಿ ಕರುಳಿನ ಉರಿಯೂತದ, ಅಂದರೆ ಐಬಿಡಿಯ ಜೆನೆಟಿಕ್ಸ್‌ನಲ್ಲೇ ಪಿಎಚ್.ಡಿ. ಮಾಡುವ ಆಸೆ. ಆದರೆ ‘ಈಗಾಗಲೇ 200ಕ್ಕೂ ಹೆಚ್ಚು ಜೀನ್ ಕಂಡುಹಿಡಿದಾಗಿದೆ, ಇನ್ನೇನು ಉಳಿದಿದೆ?’ ಅಂತ ಸ್ನೇಹಿತರು ಕೇಳುತ್ತಾರೆ. ನಿಜಾನಾ? ಅವಕಾಶ ಎಲ್ಲಿದೆ? – ಎಸ್.

ಉತ್ತರ: ಸ್ನೇಹಿತರು ಹೇಳಿದ ಸಂಖ್ಯೆ ಹೆಚ್ಚುಕಮ್ಮಿ ಸರಿ, ತೀರ್ಮಾನ ಮಾತ್ರ ತಪ್ಪು. ಆ 200 ಚಿಲ್ಲರೆ ಇರುವುದು ಜೀನ್‌ಗಳಲ್ಲ, ಜೀನೋಮಿನ, ಅಂದರೆ ನಮ್ಮ ಇಡೀ ಡಿಎನ್ಎಯ ಜಾಗಗಳು. ಅಲ್ಲಿನ ಡಿಎನ್ಎಯ ಒಂದು ರೂಪ ಕಾಯಿಲೆ ಇರುವವರಲ್ಲಿ ಜಾಸ್ತಿ ಕಾಣುತ್ತದೆ, ಅಷ್ಟೇ ಗೊತ್ತಾಗಿರುವುದು. ಬೀದಿ ಸಿಕ್ಕಿದೆ, ಮನೆ ಸಿಕ್ಕಿಲ್ಲ. 2017ರಲ್ಲಿ ಒಂದು ದೊಡ್ಡ ಅಂತಾರಾಷ್ಟ್ರೀಯ ತಂಡ ಇಂಥ 94 ಜಾಗಗಳನ್ನು ಜಾಲಾಡಿತು. ‘ಇದೇ ಬದಲಾವಣೆ ಕಾರಣ’ ಎಂದು ಶೇ. 95ಕ್ಕಿಂತ ಹೆಚ್ಚು ಖಚಿತವಾಗಿ ಬೆರಳಿಟ್ಟು ತೋರಿಸಲು ಆದದ್ದು 18 ಸಂದರ್ಭಗಳಲ್ಲಿ ಮಾತ್ರ.

ಐಬಿಡಿಯ ಇನ್ನೊಂದು ಮುಖ್ಯ ಬಗೆಯಾದ ಕ್ರೋನ್ಸ್ ಕಾಯಿಲೆಯ ಮೊದಲ ಜೀನ್ ನಾಡ್2 ಸಿಕ್ಕಿದ್ದು 2001ರಲ್ಲಿ. 2006ರಲ್ಲಿ ಐಎಲ್23ಆರ್ ಬಂತು. ಐಎಲ್-23 ಎಂಬ ಉರಿಯೂತದ ಸಂದೇಶವನ್ನು ಕೋಶಗಳು ಹಿಡಿಯುವುದು ಈ ಜೀನಿನ ಪ್ರೊಟೀನಿನಿಂದ. ಈ ಜೀನಿನ ಒಂದು ಅಪರೂಪದ ರೂಪ ಇದ್ದವರಿಗೆ ಕಾಯಿಲೆ ಬರುವ ಸಾಧ್ಯತೆ ಕಡಿಮೆ. ಇಂದು ವೈದ್ಯರು ಕೊಡುವ ಉಸ್ಟೆಕಿನುಮ್ಯಾಬ್, ರಿಸಾಂಕಿಜುಮ್ಯಾಬ್ ಔಷಧಗಳು ತಡೆಯುವುದು ಆ ಸಂದೇಶದ ದಾರಿಯನ್ನೇ. ಜೀನ್ ಸಂಶೋಧನೆಯಿಂದಲೇ ಆ ಔಷಧಗಳು ಹುಟ್ಟಿದವು ಅಂದರೆ ತಪ್ಪಾಗುತ್ತದೆ. ಆದರೆ ಹಿಡಿದ ದಾರಿ ಸರಿ ಇದೆ ಎಂಬುದಕ್ಕೆ ಜೀನ್ ಸಾಕ್ಷಿ ಹೇಳಿತು.

ಈಗಿನ ಕೆಲಸ ಹೇಗಿರುತ್ತದೆ ಅನ್ನುವುದಕ್ಕೆ ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಇಟಿಎಸ್2 ಕಥೆ ಹೇಳುತ್ತೇನೆ. 21ನೇ ಕ್ರೋಮೊಸೋಮಿನಲ್ಲಿ ಒಂದು ಜಾಗಕ್ಕೂ ಐಬಿಡಿಗೂ ನಂಟಿದೆ ಎಂದು ಎಷ್ಟೋ ವರ್ಷಗಳಿಂದ ಗೊತ್ತಿತ್ತು. ಬೆನ್ನುಮೂಳೆ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ಗೂ ಅದೇ ಜಾಗದ ನಂಟು. ವಿಚಿತ್ರ ಏನೆಂದರೆ, ಪ್ರೊಟೀನ್ ತಯಾರಿಸುವ ಜೀನೇ ಅಲ್ಲಿಲ್ಲ. ಬರೀ ಬಯಲು. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಜೇಮ್ಸ್ ಲೀ ತಂಡ 2024ರಲ್ಲಿ ಅದರ ಗುಟ್ಟು ಬಿಡಿಸಿತು. ಆ ಬಯಲಿನಲ್ಲಿ ಒಂದು ಸ್ವಿಚ್ ಇದೆ. ದೂರದಲ್ಲಿರುವ ಇಟಿಎಸ್2 ಜೀನನ್ನು ಅದು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳಲ್ಲಿ ಹೆಚ್ಚಿಸುತ್ತದೆ. ಆ ಜೀನ್ ಜೋರಾದರೆ ಕೋಶಗಳು ಉರಿಯೂತಕ್ಕೆ ಇಳಿಯುತ್ತವೆ. ಕ್ಯಾನ್ಸರ್‌ಗೆ ಬಳಸುವ, ಕೋಶದೊಳಗೆ ಸಂದೇಶ ಸಾಗಿಸುವ ಎಂಇಕೆ ಪ್ರೊಟೀನನ್ನು ತಡೆಯುವ ಔಷಧಗಳು ಲ್ಯಾಬಿನಲ್ಲಿ ಈ ಉರಿಯೂತವನ್ನು ತಗ್ಗಿಸಿದವು. ನೋಡಿ, ಎಲ್ಲರಿಗೂ ಗೊತ್ತಿದ್ದ ಒಂದೇ ಒಂದು ಜಾಗದಿಂದ ಇಷ್ಟೆಲ್ಲ ಹೊರಬಂತು. ಇಂಥ ನೂರಾರು ಜಾಗಗಳು ಇನ್ನೂ ಹಾಗೇ ಬಿದ್ದಿವೆ. ಒಂದನ್ನು ಹಿಡಿದರೂ ಒಳ್ಳೆಯ ಪಿಎಚ್.ಡಿ. ಆಗುತ್ತದೆ.

ಇನ್ನೊಂದು ದೊಡ್ಡ ಕೊರತೆ ನನ್ನನ್ನು ನಿಜಕ್ಕೂ ಕಾಡುತ್ತದೆ. ಇಲ್ಲಿವರೆಗಿನ ಡೇಟಾದಲ್ಲಿ ಬಹುಪಾಲು ಯುರೋಪ್ ಮೂಲದವರದ್ದು. ಅಲ್ಲಿ ಮುಖ್ಯವಾದ ನಾಡ್2ನ ಮೂರು ರೂಪಗಳು ಜಪಾನಿನ ರೋಗಿಗಳಲ್ಲಿ ಕಾಣಲೇ ಇಲ್ಲ. ಅವರಲ್ಲಿ ಟಿಎನ್ಎಫ್ಎಸ್ಎಫ್15 ಎಂಬ ಬೇರೆ ಜೀನಿನ ಪಾತ್ರ ದೊಡ್ಡದು. ಔಷಧದ ವಿಷಯದಲ್ಲೂ ಹೀಗೇ. ಐಬಿಡಿಗೆ ಕೊಡುವ, ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ತೆಗೆದುಕೊಂಡ ಕೆಲವರಲ್ಲಿ ಬಿಳಿ ರಕ್ತಕಣ ಅಪಾಯಕಾರಿಯಾಗಿ ಕುಸಿಯುತ್ತದೆ. ಯುರೋಪಿನಲ್ಲಿ ಟಿಪಿಎಂಟಿ ಜೀನ್ ನೋಡಿದರೆ ಅಪಾಯ ಇರುವ ಹಲವರು ಮೊದಲೇ ಗೊತ್ತಾಗುತ್ತಿದ್ದರು. ಏಷ್ಯಾದಲ್ಲಿ ಆ ಪರೀಕ್ಷೆಯಿಂದ ಅಷ್ಟು ಉಪಯೋಗ ಆಗಲಿಲ್ಲ. 2014ರಲ್ಲಿ ಕೊರಿಯಾದ ರೋಗಿಗಳನ್ನು ಅಧ್ಯಯನ ಮಾಡಿದಾಗ ಈ ಅಪಾಯವನ್ನು ಸೂಚಿಸುವ ಇನ್ನೊಂದು ಜೀನ್, ಎನ್‌ಯುಡಿಟಿ15 ಸಿಕ್ಕಿತು. ಬೇರೆ ಜನರನ್ನು ನೋಡದೇ ಇದ್ದಿದ್ದರೆ ಅದು ಸಿಗುತ್ತಿತ್ತಾ?

ಪುಟ್ಟ ಮಕ್ಕಳಲ್ಲಿ ಬರುವ ತೀವ್ರ ಐಬಿಡಿಯದ್ದು ಬೇರೆಯೇ ಲೋಕ. ಅಲ್ಲಿ ಕೆಲವೊಮ್ಮೆ ಒಂದೇ ಜೀನ್ ಕೆಟ್ಟಿರುತ್ತದೆ. ಉರಿಯೂತ ತಣಿಸುವ ಸಂದೇಶವನ್ನು ಹಿಡಿಯುವ ಐಎಲ್10 ರಿಸೆಪ್ಟರ್‌ನ ದೋಷ 2009ರಲ್ಲಿ ಗೊತ್ತಾಯಿತು. ಅಂಥ ಮಕ್ಕಳಿಗೆ ಅಸ್ಥಿಮಜ್ಜೆ ಕಸಿಯಿಂದ ಗುಣವಾಗುವ ದಾರಿ ತೆರೆಯಿತು.

ಎಲ್ಲಿ ಸೇರುವುದು? ಕೇಂಬ್ರಿಜ್ ಬಳಿಯ ವೆಲ್‌ಕಮ್ ಸ್ಯಾಂಗರ್ ಸಂಸ್ಥೆ, ಜರ್ಮನಿಯ ಕೀಲ್, ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್, ಬೆಲ್ಜಿಯಂನ ಲಿಯೇಜ್, ಅಮೆರಿಕದ ಬ್ರಾಡ್ ಸಂಸ್ಥೆ, ಸೀಡರ್ಸ್-ಸೈನಾಯ್ ಇವೆಲ್ಲ ಈ ವಿಷಯದಲ್ಲಿ ಹೆಸರಾದವು. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲ ವರ್ಷ ಎರಡು ಮೂರು ಲ್ಯಾಬ್ ಸುತ್ತಿ, ಆಮೇಲೆ ಗೈಡ್ ಆರಿಸುತ್ತೀರಿ. ನೆದರ್‌ಲ್ಯಾಂಡ್ಸ್‌ನಲ್ಲಿ ಹೆಚ್ಚಿನ ಪಿಎಚ್.ಡಿ.ಗಳು ಸಂಬಳದ ಕೆಲಸವೇ, ಹುದ್ದೆಗೆ ಅರ್ಜಿ ಹಾಕಿದ ಹಾಗೆ. ಬ್ರಿಟನ್ನಿನಲ್ಲಿ ಮೂರು ನಾಲ್ಕು ವರ್ಷದ ಅವಧಿ. ಹೊರದೇಶದವರಿಗೆ ಶುಲ್ಕ ಜಾಸ್ತಿ, ಆದ್ದರಿಂದ ಸ್ಕಾಲರ್‌ಶಿಪ್ ಅದನ್ನು ಪೂರ್ತಿ ತುಂಬುತ್ತದಾ ಅಂತ ಮೊದಲೇ ಬರೆದು ಕೇಳಿ.

ಆದರೆ ಸಂಸ್ಥೆಯ ಹೆಸರಿಗಿಂತ ಗೈಡ್ ಮುಖ್ಯ. ರೋಗಿಗಳ ಸ್ಯಾಂಪಲ್ ಅವರ ಕೈಯಲ್ಲಿ ಈಗಾಗಲೇ ಇದೆಯಾ, ಇಲ್ಲ ಇನ್ನು ಮೇಲೆ ಸಂಗ್ರಹಿಸಬೇಕಾ? ಎಥಿಕ್ಸ್ ಒಪ್ಪಿಗೆ ಸಿಕ್ಕಿದೆಯಾ? ಇದನ್ನು ಕೇಳದೆ ಸೇರಿದವರು ಬರೀ ಕಾಯುವುದರಲ್ಲೇ ವರ್ಷ ಕಳೆದದ್ದನ್ನು ನಾನು ನೋಡಿದ್ದೇನೆ. ಅವರ ಹಳೆಯ ವಿದ್ಯಾರ್ಥಿಗಳಿಗೂ ಒಂದು ಮೇಲ್ ಹಾಕಿ.

ಅಣ್ಣನ ವಿಷಯ ಅರ್ಜಿಯಲ್ಲಿ ಒಂದು ವಾಕ್ಯ ಇರಲಿ, ಸಾಕು. ನನಗೆ ಬರುವ ಅರ್ಜಿಗಳಲ್ಲಿ ನಾನು ಹುಡುಕುವುದು ಒಂದು ಪ್ರಶ್ನೆಯನ್ನು: ‘ಈ ಪೇಪರಿನಲ್ಲಿ ಇದು ಯಾಕೆ ಹೀಗೆ?’ ಅಂತ ಕೇಳಿದವರನ್ನು ತಕ್ಷಣ ಮಾತಿಗೆ ಕರೆಯುತ್ತೇನೆ. ಆರ್ ಅಥವಾ ಪೈಥಾನ್ ಪ್ರೋಗ್ರಾಮಿಂಗ್ ಕಲಿಯಲು ಈಗಲೇ ಶುರು ಮಾಡಿ. ಇಡೀ ಜೀನೋಮ್ ಜಾಲಾಡುವ ಅಧ್ಯಯನಗಳನ್ನು ಪಟ್ಟಿ ಮಾಡುವ ಜಿವಾಸ್ ಕ್ಯಾಟಲಾಗ್ (GWAS Catalog) ಎಂಬ ಆನ್‌ಲೈನ್ ಸಂಗ್ರಹದಲ್ಲಿ ಐಬಿಡಿ ಅಧ್ಯಯನಗಳ ಫಲಿತಾಂಶ ಉಚಿತವಾಗಿ ಸಿಗುತ್ತದೆ. ಒಂದು ಜಾಗ ಆರಿಸಿ, ಸುತ್ತಲಿನ ಜೀನ್‌ಗಳು ಯಾವ ಕೋಶದಲ್ಲಿ ಕೆಲಸ ಮಾಡುತ್ತವೆ ಅಂತ ಎರಡು ಪುಟ ಬರೆಯಿರಿ. ಅದನ್ನು ಅರ್ಜಿಯ ಜೊತೆ ಕಳಿಸಿ. ಅಣ್ಣನ ಈಗಿನ ಚಿಕಿತ್ಸೆ ನಿಮ್ಮ ಥೀಸಿಸ್‌ನಿಂದ ಬದಲಾಗುವುದು ಕಷ್ಟ. ಅದನ್ನು ತಿಳಿದೇ ಬನ್ನಿ.

ಪ್ರಶ್ನೆ: ನನಗೇ ಕ್ರೋನ್ಸ್ ಇದೆ. ಇದೇ ವಿಷಯದಲ್ಲಿ ಸಂಶೋಧನೆಗೆ ಸೇರಬಹುದಾ? ಗೈಡ್‌ಗೆ ಹೇಳಬೇಕಾ? – ಹೆಸರು ಬೇಡ

ಉತ್ತರ: ಖಂಡಿತ ಸೇರಬಹುದು. ಹೇಳುವುದು ಬಿಡುವುದು ನಿಮ್ಮಿಷ್ಟ. ಒಂದು ಕಡೆ ಮಾತ್ರ ಮುಚ್ಚಿಡಬೇಡಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದಲ್ಲಿದ್ದು, ಲ್ಯಾಬಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಅಥವಾ ರೋಗಿಗಳ ಮಲದ ಸ್ಯಾಂಪಲ್ ಮುಟ್ಟುವ ಕೆಲಸವಿದ್ದರೆ, ಅಲ್ಲಿನ ಸುರಕ್ಷತಾ ಅಧಿಕಾರಿಗೂ ನಿಮ್ಮ ವೈದ್ಯರಿಗೂ ತಿಳಿಸಲೇಬೇಕು. ಕಾಯಿಲೆ ಉಲ್ಬಣಿಸುವ ದಿನಗಳ ಚಿಂತೆ ಇದ್ದರೆ ಕಂಪ್ಯೂಟರಿನಲ್ಲೇ ನಡೆಯುವ ಪ್ರಾಜೆಕ್ಟ್ ಹುಡುಕಿ, ಮನೆಯಿಂದಲೂ ಮಾಡಬಹುದು. ಕಾಯಿಲೆ ರಜೆಯಲ್ಲಿ ಸ್ಟೈಪೆಂಡ್ ಮುಂದುವರಿಯುತ್ತದಾ, ಅವಧಿ ವಿಸ್ತರಿಸುತ್ತಾರಾ ಅನ್ನುವುದನ್ನು ಸೇರುವ ಮೊದಲೇ ಆಫೀಸಿನಿಂದ ಬರಹದಲ್ಲಿ ಪಡೆಯಿರಿ.